ಮೋಡ ಮುಚ್ಚಿದ ರಾತ್ರಿ ಮತ್ತು ನನ್ನ ಸಿಲಿಂಡರ್ ಲೆಕ್ಕ

ನಮ್ಮ ಮೂಡಿಗೆರೆ ಕಡೆ ಕಾಫಿ ಕುಯ್ಲಿನ ಟೈಮಲ್ಲಿ ಒಂದು ವಿಷಯ ಎಲ್ಲರಿಗೂ ಗೊತ್ತು, ಸಂಜೆ ಆಕಾಶ ಚೊಕ್ಕಟವಾಗಿದ್ರೆ ಆ ರಾತ್ರಿ ಹಲ್ಲು ಕಟಕಟ ಅನ್ನೋ ಚಳಿ, ಮೋಡ ಮುಚ್ಕೊಂಡಿದ್ರೆ ಎರಡನೇ ಕಂಬಳಿ ಬೇಡ. ಹಗಲು ಕಾದ ನೆಲ ರಾತ್ರಿ ಆ ಬಿಸೀನ ಮೇಲಕ್ಕೆ ಬಿಡುತ್ತೆ, ಮೋಡ ಅದನ್ನ ಹಿಡ್ಕೊಂಡು ಒಂದಷ್ಟು ವಾಪಸ್ ಕಳಿಸುತ್ತೆ. ಮೊಮ್ಮಗಳು ಹಸಿರುಮನೆ ಪರಿಣಾಮ ಅಂತ ಬಾಯಿಪಾಠ ಹೊಡೀತಿದ್ಲು, ಇದೇ ಕಣೇ ಅದು ಅಂದೆ. ಗಾಳೀಲಿರೋ ನೀರಾವಿ, ಕಾರ್ಬನ್ ಡೈಆಕ್ಸೈಡು, ಮೀಥೇನು ಎಲ್ಲಾ ಈ ಮೋಡದ ಕೆಲಸಾನೇ ಮಾಡೋದು, ಕಣ್ಣಿಗೆ ಕಾಣಲ್ಲ ಅಷ್ಟೇ. ಇವಿಲ್ದಿದ್ರೆ ಭೂಮಿ ಸರಾಸರಿ ಮೈನಸ್ 18 ಡಿಗ್ರಿ ಇರ್ತಿತ್ತು, ಈಗ 15ರ ಹತ್ರ ಇದೆ, ಹಂಗಾಗಿ ಹೊದಿಕೆ ಇರೋದೇ ತಪ್ಪು ಅನ್ಬೇಡಿ, ಅದರ ಮೇಲೆ ನಾವು ಇನ್ನೊಂದು ಮತ್ತೊಂದು ಹೊದಿಸ್ತಾ ಇದೀವಲ್ಲ ಅದು ಕಷ್ಟ. ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ 1958ರಿಂದ ಅಳೀತಿದಾರೆ, ಆಗ ಗಾಳಿಯ ಹತ್ತು ಲಕ್ಷ ಪಾಲಲ್ಲಿ ಕಾರ್ಬನ್ ಡೈಆಕ್ಸೈಡು ಸುಮಾರು 315 ಪಾಲು, ಈಗ 420 ದಾಟಿದೆ. ನಾನು ಹುಟ್ಟಿದ್ದೂ ಆ ಸುಮಾರಿಗೇ.

ನಂಗೆ ಟನ್ನು ಗಿನ್ನು ತಲೆಗೆ ಹೋಗಲ್ಲ, ಅದಕ್ಕೆ ಸಿಲಿಂಡರ್ ಲೆಕ್ಕ ಇಟ್ಕೊಂಡಿದೀನಿ. ಮನೆ ಸಿಲಿಂಡರಲ್ಲಿ 14.2 ಕೆಜಿ ಗ್ಯಾಸ್, ಪೂರ್ತಿ ಉರಿದ್ರೆ ಸುಮಾರು 42 ಕೆಜಿ ಕಾರ್ಬನ್ ಡೈಆಕ್ಸೈಡು. ಒಳಗಿದ್ದಿದ್ದೇ 14, ಹೊರಗೆ 42 ಹೆಂಗೆ ಅಂತ ನಮ್ಮ ಯಜಮಾನ್ರು ವಾದಕ್ಕೇ ಬಂದ್ರು, ಉರಿಯುವಾಗ ಗಾಳೀಲಿರೋ ಆಮ್ಲಜನಕಾನೂ ಸೇರ್ಕೊಳುತ್ತಲ್ಲ, ಅದರ ತೂಕ.

ಈಗ ಅಡುಗೆಮನೆಗೆ ಬನ್ನಿ. ಕುಕ್ಕರ್ ಮೊದಲನೇ ವಿಷಲ್ ಆಗ್ತಿದ್ದಂಗೆ ಉರಿ ಸಿಮ್ಮಿಗೆ ಇಳಿಸಿ, ಒಳಗೆ 120 ಡಿಗ್ರಿ ಹತ್ರ ಮುಟ್ಟಿರುತ್ತೆ, ಆಮೇಲೆ ನೀವು ಎಷ್ಟು ದಬದಬ ಉರಿಸಿದ್ರೂ ಅದಕ್ಕಿಂತ ಬಿಸಿ ಆಗಲ್ಲ, ಆವಿ ಸುಯ್ ಅಂತ ಹೊರಗೆ ಹೋಗುತ್ತೆ ಅಷ್ಟೇ. ಏಳು ವಿಷಲ್ ಎಂಟು ವಿಷಲ್ ಅಂತ ಎಣಿಸ್ಕೊಂಡು ಕೂರೋದು ಬಿಟ್ಟು ಗಡಿಯಾರ ನೋಡಿ. ಹುರುಳಿಕಾಳು, ಒಣ ಅವರೆಕಾಳು ರಾತ್ರಿನೇ ನೆನೆಹಾಕಿ, ಮರೆತ್ರೆ ಅವತ್ತು ಬಸ್ಸಾರಿನ ಆಸೆ ಬಿಟ್ಟು ತಿಳಿಸಾರು ಮಾಡ್ಕೊಳಿ. ಅನ್ನಕ್ಕೆ ನನ್ನದೊಂದು ಬುಟ್ಟಿ ಇದೆ. ದೊಡ್ಡ ಬಿದಿರು ಬುಟ್ಟಿಗೆ ಒಣಹುಲ್ಲು ಒತ್ತಿ, ಮೇಲೆ ಹಳೇ ಕಂಬಳಿ ಹಾಸಿ, ಅಕ್ಕಿ ಐದಾರು ನಿಮಿಷ ಚೆನ್ನಾಗಿ ಕುದ್ದ ಮೇಲೆ ಪಾತ್ರೆ ಮುಚ್ಚಳ ಸಮೇತ ಅದರೊಳಗೆ ಇಳಿಸಿ ಬಿಗಿಯಾಗಿ ಸುತ್ತಿಬಿಡ್ತೀನಿ, ಒಂದು ಗಂಟೇಲಿ ಅನ್ನ ಆಗಿರುತ್ತೆ, ತಳ ಹಿಡಿಯೋ ಮಾತೇ ಇಲ್ಲ. ನೀರು ಮಾತ್ರ ಸ್ವಲ್ಪ ಕಮ್ಮಿ ಹಾಕ್ಬೇಕು, ಆವಿ ಆಗಿ ಹೋಗಲ್ಲವಲ್ಲ. ಮಧ್ಯ ಮುಚ್ಚಳ ತೆಗೀಬಾರದು. ನಮ್ಮ ಸೊಸೆ ಮೊದಲನೇ ಸಲ, ಬೀಗರು ಬಂದಿದ್ದ ದಿನವೇ, ಆಯ್ತಾ ಅತ್ತೆ ಆಯ್ತಾ ಅತ್ತೆ ಅಂತ ಮೂರು ಸಲ ತೆಗೆದು ನೋಡಿ, ಕೊನೆಗೆ ಎಲ್ಲರಿಗೂ ಉಪ್ಪಿಟ್ಟು ಮಾಡಿ ಹಾಕಿದ್ವಿ. ಈಗ ಅವಳೇ ನಂಗಿಂತ ಚೆನ್ನಾಗಿ ಮಾಡ್ತಾಳೆ ಬಿಡಿ.

ಸ್ನಾನದ ನೀರಿಗೆ ಸೋಲಾರ್ ಹಾಕ್ಸಿ ಅಂತ ಎಲ್ಲರೂ ಹೇಳ್ತಾರೆ, ಅರಸೀಕೆರೆ ಕಡೆಯವರು ಧಾರಾಳವಾಗಿ ಹಾಕ್ಸಿ, ನಮ್ಮ ಮಲೆನಾಡಲ್ಲಿ ಆಷಾಢ ಶ್ರಾವಣ ಸೂರ್ಯನ ಮುಖ ನೋಡೋದೇ ಅಪರೂಪ. ನಮ್ಮಲ್ಲಿ ಹಂಡೆ ಒಲೆನೇ, ಕಾಫಿ ಗಿಡ ಸವರಿದ ಕಡ್ಡಿ, ಸಿಲ್ವರ್ ಓಕ್ ರೆಂಬೆ, ಅವೆಲ್ಲ ತಿರ್ಗಾ ಚಿಗುರಿ, ಉರಿಸಿ ಬಿಟ್ಟಿದ್ದನ್ನ ವಾಪಸ್ ಹೀರ್ಕೊಳೋವು, ಆದ್ರೆ ಹಸಿ ಸೌದೆ ತುರುಕಿ ಹೊಗೆ ಎಬ್ಬಿಸ್ಬೇಡಿ, ವರ್ಷ ಮೊದಲೇ ಕಡಿದು ಒಣಗಿಸಿಟ್ಕೊಳಿ. ಗೀಸರ್ ಇರೋರು, 15 ಲೀಟರ್ ನೀರು ಚೆನ್ನಾಗಿ ಕಾಯೋಕೆ ಮುಕ್ಕಾಲು ಯೂನಿಟ್ ಹತ್ರ ಹೋಗುತ್ತೆ, ರಾಯಚೂರಿನ ಕಲ್ಲಿದ್ದಲ ಕರೆಂಟಾದ್ರೆ ಯೂನಿಟ್ಟಿಗೆ ಹೆಚ್ಚುಕಮ್ಮಿ ಒಂದು ಕೆಜಿ ಕಾರ್ಬನ್ ಡೈಆಕ್ಸೈಡು, ಶರಾವತಿ ನೀರಿನ ಕರೆಂಟಾದ್ರೆ ಬೇರೆ ಮಾತು, ಆದ್ರೆ ಸ್ವಿಚ್ಚಿಗೆ ಯಾವುದು ಬಂತು ಅಂತ ಹೆಂಗೆ ಹೇಳ್ತೀರಿ.

ತಿಪ್ಪೆ ವಿಷಯಕ್ಕೆ ಬಂದ್ರೆ, ಕಾಫಿ ಸಿಪ್ಪೆ, ತರಕಾರಿ ಸಿಪ್ಪೆ ನೀರು ನಿಂತ ಗುಂಡೀಲಿ ಗಾಳಿ ಇಲ್ದೆ ಕೊಳೆತ್ರೆ ಮೀಥೇನ್ ಏಳುತ್ತೆ, ಅದು ನೂರು ವರ್ಷದ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಬಿಸಿ ಹಿಡಿಯೋದು. ಅದಕ್ಕೆ ತಿಪ್ಪೇನ ಎತ್ತರದ ಜಾಗದಲ್ಲಿ ಮಾಡಿ, ಒಣ ತರಗೆಲೆ ಬೆರೆಸಿ, ಹದಿನೈದು ದಿನಕ್ಕೊಂದ್ಸಲ ಗುದ್ದಲಿ ಆಡಿಸಿ, ನಾತ ಬರ್ತಿದ್ರೆ ಗಾಳಿ ಸಾಲ್ದು ಅಂತ. ಸಗಣಿ ಇದ್ರೆ ಗೋಬರ್ ಗ್ಯಾಸ್‌ಗಿಂತ ಒಳ್ಳೇದು ಯಾವುದೂ ಇಲ್ಲ, ಅದೇ ಮೀಥೇನ್ ಹಿಡಿದು ಕಾಫಿ ಕಾಯಿಸ್ಕೊಳೋದು. ಎರಡು ಘನ ಮೀಟರಿನದಕ್ಕೆ ದಿನಾ 50 ಕೆಜಿ ಸಗಣಿ, ಅಷ್ಟೇ ನೀರು. ಚಳಿಗಾಲಕ್ಕೆ ಗ್ಯಾಸ್ ಕಮ್ಮಿ ಆಗುತ್ತೆ, ಆಗ ಬೆಳಗಿನ ತಣ್ಣೀರಿಗೆ ಬದಲು ಬಿಸಿಲಿಗಿಟ್ಟ ನೀರಲ್ಲಿ ಸಗಣಿ ಕದಡಿ, ಗುಂಡಿ ಸುತ್ತ ಹುಲ್ಲು ಹೊದಿಸಿ.

ಕಾಫಿ ಹೂ ಬಿಡೋಕೆ ಬೇಕಾದ ಹೂಮಳೆ ಕೈಕೊಟ್ಟಾಗ ಸ್ಪ್ರಿಂಕ್ಲರ್ ಪಂಪು ಹಚ್ತೀವಿ, ಅದೂ ಹತ್ತಿರ 16 ಲೀಟರ್ ಡೀಸೆಲ್ಲಿಗೆ ಒಂದು ಸಿಲಿಂಡರ್ ಉರಿಸಿದ ಲೆಕ್ಕ. ಮರ ಕಡಿದು ತೋಟ ಬೋಳು ಮಾಡಿದೋರಿಗೆ ನೀರು ಇನ್ನೂ ಬೇಗ ಆರುತ್ತೆ, ಹೇಳಿದ್ರೆ ಕೋಪ ಬರುತ್ತೆ.

ಫ್ರಿಜ್ಜಿನ ಮಾತು ಯಾರೂ ಆಡಲ್ಲ. ನಮ್ಮ ಹಳೇದು ತಣ್ಣಗಾಗ್ತಿಲ್ಲ ಅಂತ ರಿಪೇರಿಯವನನ್ನ ಕರೆಸಿದ್ರೆ, ಬಂದವನೇ ಪೈಪ್ ಕತ್ತರಿಸಿ ಉಳಿದ ಗ್ಯಾಸೆಲ್ಲ ಬುಸ್ ಅಂತ ಅಂಗಳಕ್ಕೆ ಬಿಟ್ಟ. ಹಿಂದೆ ಲೇಬಲ್ ನೋಡಿದ್ರೆ ಆರ್ 134ಎ ಅಂತಿತ್ತು, ಅದು ಕಾರ್ಬನ್ ಡೈಆಕ್ಸೈಡಿಗಿಂತ ಸಾವಿರದ ಮುನ್ನೂರು ಪಟ್ಟು, ನೂರು ಗ್ರಾಂ ಬಿಟ್ರೆ ಮೂರು ಸಿಲಿಂಡರ್ ಉರಿಸಿದಂಗೆ. ನಾನು ತಿಂಗಳುಗಟ್ಟಲೆ ಬುಟ್ಟೀಲಿ ಅನ್ನ ಮಾಡಿ ಉಳಿಸಿದ್ದು ಅರ್ಧ ನಿಮಿಷಕ್ಕೆ ಹೋಯ್ತು, ಹೊಟ್ಟೆ ಉರೀದೇ ಇರುತ್ತಾ. ರಿಪೇರಿಗೆ ಕರೆದ್ರೆ ಗ್ಯಾಸ್ ಹಿಡ್ಕೊಳೋ ಮೆಷಿನ್ ಇದೆಯಾ ಅಂತ ಪೈಪ್ ಮುಟ್ಟೋಕೆ ಮುಂಚೆನೇ ಕೇಳಿ, ಹೊಸದು ತಗೊಳೋದಾದ್ರೆ ಬಿಸಿ ಹಿಡಿಯೋದು ತೀರಾ ಕಮ್ಮಿ ಇರೋ ಆರ್ 600ಎ ಗ್ಯಾಸಿನದು ನೋಡಿ, ಬಾಗಿಲ ರಬ್ಬರಿಗೆ ಒಂದು ಕಾಗದ ಸಿಗಿಸಿ ಎಳೀರಿ, ಸಲೀಸಾಗಿ ಬಂದ್ರೆ ರಬ್ಬರ್ ಹೋಗಿದೆ. ಆ ಹಳೇ ಫ್ರಿಜ್ಜು ಈಗ ಹಿಂದಿನ ಕೋಣೇಲಿ ಅಕ್ಕಿ ತುಂಬೋ ಡಬ್ಬ ಆಗಿದೆ, ಇಲಿ ಕಾಟ ಇಲ್ಲ, ಮಕ್ಕಳು ಒಳಗೆ ಹೋಗಿ ಕೂತಾವು ಅಂತ ಬೀಗ ಹಾಕಿಟ್ಟಿದೀನಿ.