ಎಂಟು ಮಂದಿ ಹತ್ತಿದ ವಿಮಾನ, ನನ್ನ ಬಿದಿರಿನಲ್ಲಿ

ಬಟ್ಟೆ ಹೊದಿಸಿ, ಅದನ್ನು ಬಿಗಿಸುವ ಡೋಪ್ ಎಂಬ ಮೆರುಗೆಣ್ಣೆ ಬಳಿದು ಮಲಗಿದ್ದೆ. ಬೆಳಿಗ್ಗೆ ಎದ್ದು ನೋಡಿದರೆ ಒಂದೂವರೆ ತಿಂಗಳು ಕೂತು ಬಿದಿರಿನಲ್ಲಿ ಕಟ್ಟಿದ್ದ ಮಾದರಿ ವಿಮಾನದ ಒಡಲು ಸೊಟ್ಟಗಾಗಿತ್ತು. ಒಂದೇ ಮಗ್ಗುಲಿಗೆ ಬಟ್ಟೆ ಹಾಕಿದ್ದೆ. ಡೋಪ್ ಒಣಗುತ್ತಾ ಬಟ್ಟೆ ಬಿಗಿಯಿತು, ಬಿಗಿದ ಬಟ್ಟೆ ಬಿದಿರನ್ನೆಲ್ಲ ತನ್ನ ಕಡೆಗೆ ಎಳೆದುಕೊಂಡಿತು. ಎಲ್ಲ ಕಿತ್ತು ಮೊದಲಿಂದ ಶುರುಮಾಡಿದೆ.

ನಾನು ಕಟ್ಟುತ್ತಿದ್ದದ್ದು ಎರಡನೇ ಮಹಾಯುದ್ಧದ ಕಾಲದ ಬ್ರಿಟನ್ನಿನ ವೆಲ್ಲಿಂಗ್ಟನ್ ಬಾಂಬರ್, ಸಂಖ್ಯೆ ಎನ್2980. ನಿಜವಾದದ್ದರ ರೆಕ್ಕೆ ತುದಿಯಿಂದ ತುದಿಗೆ 26 ಮೀಟರ್. 24ನೇ ಒಂದರ ಅಳತೆಯಲ್ಲಿ ನನ್ನದು ಒಂದು ಮೀಟರಿಗೆ ತುಸು ಹೆಚ್ಚು. ಮಗಳ ಮನೆಗೆಂದು ಇಂಗ್ಲೆಂಡಿಗೆ ಹೋಗಿದ್ದಾಗ ವೇಬ್ರಿಜ್‌ನ ಬ್ರೂಕ್ಲಂಡ್ಸ್ ಮ್ಯೂಸಿಯಮ್ಮಿನಲ್ಲಿ ಅದರ ಎಲುಬುಗೂಡಿನ ಮುಂದೆ ನಿಂತಿದ್ದೆ. ನೋಡಿದ ಕೂಡಲೇ ನೆನಪಾದದ್ದು ನಮ್ಮೂರ ಮೇದರು ಹೆಣೆಯುವ ಬುಟ್ಟಿ.

ಹೋಲಿಕೆ ಮೇಲುಮೇಲಿನದಲ್ಲ. ಎಂಜಿನಿಯರ್ ಬಾರ್ನ್ಸ್ ವಾಲಿಸ್ ಈ ವಿಮಾನಕ್ಕೆ ಡ್ಯುರಾಲುಮಿನ್ ಎಂಬ ಅಲ್ಯುಮಿನಿಯಂ ಮಿಶ್ರಲೋಹದ ಪಟ್ಟಿಗಳನ್ನು ಎಡಕ್ಕೊಂದು ಬಲಕ್ಕೊಂದು ಓರೆಯಾಗಿ ಸುತ್ತಿ, ಹಾಯುವ ಕಡೆಯಲ್ಲೆಲ್ಲ ಜೋಡಿಸಿದ. ಒಂದು ಪಟ್ಟಿ ಎಳೆತಕ್ಕೆ ಸಿಕ್ಕರೆ ಅದಕ್ಕೆ ಅಡ್ಡ ಹಾಯ್ದದ್ದು ಒತ್ತಡ ಹೊರುತ್ತದೆ. ನಾನು ಬಿದಿರ ಸೀಳನ್ನು ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಪ್ಲೈವುಡ್ ಅಚ್ಚಿನ ಮೇಲೆ ಬಗ್ಗಿಸಿ, ಪ್ರತಿ ಸಂದಿಗೂ ನೂಲು ಸುತ್ತಿ ಒಂದು ಹನಿ ಫೆವಿಕ್ವಿಕ್ ಬಿಟ್ಟೆ. ಆಮೇಲೆ ಧೈರ್ಯಮಾಡಿ ಮೂರು ಸೀಳನ್ನು ಕತ್ತರಿಸಿ, ಒಡಲ ಮೇಲೆ ಎರಡು ಕೆಜಿ ಅಕ್ಕಿ ಚೀಲ ಇಟ್ಟೆ. ಕದಲಲಿಲ್ಲ. ಗುಂಡೇಟಿನಿಂದ ಜರಡಿಯಾದ ವೆಲ್ಲಿಂಗ್ಟನ್‌ಗಳು ಹೇಗೆ ಊರು ಸೇರುತ್ತಿದ್ದವು ಎಂಬುದು ಓದಿದ್ದಕ್ಕಿಂತ ಚೆನ್ನಾಗಿ ಅವತ್ತು ಅರ್ಥವಾಯಿತು.

ಎನ್2980 ಕೂಡ ಹಾಗೆ ಉಳಿದು ಬಂದದ್ದೇ. 1939ರ ಡಿಸೆಂಬರ್ 18ರಂದು ಜರ್ಮನಿಯ ಹೆಲಿಗೋಲೆಂಡ್ ಕೊಲ್ಲಿಯ ಮೇಲೆ ಹಾಡುಹಗಲಲ್ಲಿ ಹೋದ 22 ವೆಲ್ಲಿಂಗ್ಟನ್‌ಗಳಲ್ಲಿ 12 ನಾಶವಾದವು, ಇದು ಮರಳಿತು. ಆ ಪೆಟ್ಟು ತಿಂದ ಮೇಲೆ ಬ್ರಿಟಿಷರ ಬಾಂಬರ್‌ಗಳು ರಾತ್ರಿ ದಾಳಿಗೆ ಹೊರಳಿದವು. ಕತ್ತಲಲ್ಲಿ ದಾರಿ ಹುಡುಕುವುದನ್ನು ಹುಡುಗರಿಗೆ ಕಲಿಸಬೇಕಿತ್ತು. ಹಳೆಯ ವಿಮಾನಗಳು ತರಬೇತಿಗೆ ಹೋದವು, ಇದು ಸ್ಕಾಟ್ಲೆಂಡಿನ ಲಾಸಿಮತ್ ನೆಲೆಗೆ.

1940ರ ಡಿಸೆಂಬರ್ 31. ತರಬೇತಿ ಹಾರಾಟಕ್ಕೆ ಎಂಟು ಮಂದಿ ಹತ್ತಿದರು. ಬೆಟ್ಟಗಳ ಮೇಲೆ ಹಿಮ ಸುರಿಯುತ್ತಿರುವಾಗ ಬಲಗಡೆಯ ಎಂಜಿನ್ ನಿಂತಿತು, ವಿಮಾನ ಇಳಿಯತೊಡಗಿತು. ಪೈಲಟ್ ಸ್ಕ್ವಾಡ್ರನ್ ಲೀಡರ್ ಮಾರ್‌ವುಡ್-ಎಲ್ಟನ್ ಎಲ್ಲರಿಗೂ ಪ್ಯಾರಾಶೂಟಿನಲ್ಲಿ ಹಾರಿಕೊಳ್ಳಲು ಹೇಳಿದರು. ಆರು ಜನ ಹಾರಿದರು. ಅಷ್ಟರಲ್ಲಿ ಮೋಡದ ಸಂದಿಯಲ್ಲಿ ಉದ್ದನೆಯ ನೀರು ಕಂಡಿತು: ಲಾಖ್ ನೆಸ್ ಸರೋವರ. ಅವರೂ ಸಹ-ಪೈಲಟ್ಟೂ ವಿಮಾನವನ್ನು ನೀರಿನ ಮೇಲಿಳಿಸಿ, ರಬ್ಬರ್ ದೋಣಿಯಲ್ಲಿ ದಡ ಸೇರಿದರು. ಹಾರಿದ ಆರರಲ್ಲಿ ಐವರು ಬದುಕಿದರು. ಹಿಂಬದಿಯ ಗನ್ನರ್ ಸಾರ್ಜೆಂಟ್ ಫೆನ್ಸಮ್‌ಗೆ ಪ್ಯಾರಾಶೂಟ್ ಕೈಕೊಟ್ಟಿತು. ಹಾರದೇ ಉಳಿದ ಇಬ್ಬರು ಬದುಕಿದರು, ಅಪ್ಪಣೆ ಪಾಲಿಸಿದ ಅವನು ಸತ್ತ. ಇದನ್ನು ಯೋಚಿಸಿದಾಗಲೆಲ್ಲ ನೂಲು ಸುತ್ತುವ ಕೈ ನಿಂತುಬಿಡುತ್ತಿತ್ತು. ಪೈಲಟ್ ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಮೋಡದೊಳಗೆ ಕುರುಡಾಗಿ ಇಳಿಯುತ್ತಿದ್ದವನಿಗೆ ಕೆಳಗೆ ಸರೋವರವಿದೆ ಎಂದು ಹೇಗೆ ಗೊತ್ತು?

ಶತ್ರುವಿನ ಗುಂಡು ತಾಗದೆ, ತರಬೇತಿ ಮತ್ತು ಅಪಘಾತಗಳಲ್ಲೇ ಬ್ರಿಟಿಷ್ ವಾಯುಪಡೆಯ ಬಾಂಬರ್ ಕಮಾಂಡ್ ಆ ಯುದ್ಧದಲ್ಲಿ 8,000ಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು. ಅವರ ಕಥೆ ಹೇಳುವವರು ಕಡಿಮೆ. ಈ ವಿಮಾನದ ಕಥೆಯೂ ಎಲ್ಲರಿಗೂ ಗೊತ್ತಿರುವುದು ಆ ಸರೋವರದಲ್ಲಿದೆ ಎನ್ನುವ ನೆಸ್ಸಿಯಿಂದಾಗಿ: 1976ರಲ್ಲಿ ಆ ‘ದೈತ್ಯಪ್ರಾಣಿ’ಯನ್ನು ಹುಡುಕಲು ಬಂದವರ ಸೋನಾರ್‌ಗೆ, ಅಂದರೆ ಸದ್ದಿನ ಅಲೆಯಿಂದ ನೀರಡಿ ಹುಡುಕುವ ಯಂತ್ರಕ್ಕೆ, ಸಿಕ್ಕಿತು ಎಂಬ ಕಾರಣಕ್ಕೆ. 1985ರ ಸೆಪ್ಟೆಂಬರ್ 21ರಂದು ಅದನ್ನು ಮೇಲೆತ್ತಿದರು. ಬ್ಯಾಟರಿ ಕೊಟ್ಟರೆ ಬಾಲದ ದೀಪ ಇನ್ನೂ ಉರಿಯಿತಂತೆ.

ಎರಡನೇ ಸಲ ಎರಡೂ ಮಗ್ಗುಲಿಗೆ ಒಟ್ಟೊಟ್ಟಿಗೆ ಮಲ್ಲು ಬಟ್ಟೆ ಹಾಕಿ, ಡೋಪನ್ನು ತೆಳುವಾಗಿ ನಾಲ್ಕು ಕೈ ಬಳಿದೆ. ಒಡಲು ನೆಟ್ಟಗೆ ನಿಂತಿತು. ಹೆಣಿಗೆ ಕಾಣಲೆಂದು ಬೆನ್ನಿನ ಭಾಗವನ್ನು ಮಾತ್ರ ಹಾಗೇ ಬಿಟ್ಟಿದ್ದೇನೆ. ಪೀಠದ ಮೇಲೆ ಆ ದಿನದ ತಾರೀಖು, ಕೆಳಗೆ ಫೆನ್ಸಮ್ ಹೆಸರು. ಬಾಲದಲ್ಲಿ, ಅವನು ಕೂರುತ್ತಿದ್ದ ಗಾಜಿನ ಗೂಡಿನ ಹತ್ತಿರ, ಅಕ್ಕಿಕಾಳಿನಷ್ಟು ಸಣ್ಣ ಎಲ್‌ಇಡಿ ಇಟ್ಟಿದ್ದೇನೆ. ವೈರು ಬಿದಿರ ಹೆಣಿಗೆಯ ನಡುವೆ ಹಾದು ಬರುತ್ತದೆ, ಸ್ವಿಚ್ಚು ಪೀಠದ ಅಡಿಯಲ್ಲಿದೆ. ಮನೆಗೆ ಬಂದವರಿಗೆ ಮೊದಲು ಅದನ್ನೇ ಹಾಕಿ ತೋರಿಸುತ್ತೇನೆ.