ತುಂಗೆಯನ್ನೇ ವೈತರಣಿಯಾಗಿ ತೋರಿಸಿದ ಬಗೆ

ನನ್ನ ಚಿತ್ರದ ನಾಯಕ ಕಂಬದ ಮೇಲೆ ಶಾಕ್ ಹೊಡೆದು ಸತ್ತ ಲೈನ್‌ಮ್ಯಾನ್. ಸತ್ತ ಮೇಲೆ ಅವನಿಗೆ ನಮ್ಮ ಬಣ್ಣಗಳು ಕಾಣುವುದಿಲ್ಲ; ಕೆಂಪಿಗೂ ಆಚೆ, ಅಂದರೆ 700 ನ್ಯಾನೋಮೀಟರಿನ ಆಚೆ ಇರುವ, ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಷ್ಟೇ ಕಾಣುತ್ತದೆ. ವೈಕುಂಠ ಸಮಾರಾಧನೆಯ ದಿನದವರೆಗೆ ಅವನು ತನ್ನದೇ ಊರಿನಲ್ಲಿ, ತನ್ನದೇ ತೋಟದಲ್ಲಿ ಅಲೆಯುತ್ತಾನೆ. ಈ ಭಾಗ ಸುಮಾರು 22 ನಿಮಿಷವಿದೆ. ಅದನ್ನು ಗ್ರಾಫಿಕ್ಸ್‌ನಲ್ಲಿ ಮಾಡಿಸಲು ಬೆಂಗಳೂರಿನಲ್ಲಿ ವಿಚಾರಿಸಿದಾಗ ಹದಿನೆಂಟು ಲಕ್ಷದ ಆಸುಪಾಸು ಹೇಳಿದರು. ಇಡೀ ಚಿತ್ರಕ್ಕೆಂದು ನನ್ನ ಕೈಯಲ್ಲಿದ್ದದ್ದು, ಎರಡು ವರ್ಷದ ಅಡಿಕೆಯ ಹಣವೂ ಸೇರಿ, ಒಂಬತ್ತು ಲಕ್ಷ ಚಿಲ್ಲರೆ.

ಹಳೆಯ ಡಿಎಸ್‌ಎಲ್‌ಆರ್ ಒಂದರ ಸೆನ್ಸರ್ ಮುಂದಿರುವ ಇನ್‌ಫ್ರಾರೆಡ್ ತಡೆಯುವ ಗಾಜನ್ನು ತೆಗೆಸಿ, ಆ ಜಾಗದಲ್ಲಿ ಸುಮಾರು 720 ನ್ಯಾನೋಮೀಟರಿನ ಆಚೆಯ ಬೆಳಕನ್ನಷ್ಟೇ ಒಳಬಿಡುವ ಫಿಲ್ಟರ್ ಕೂರಿಸಿ, ತೀರ್ಥಹಳ್ಳಿಯ ಸುತ್ತಲಿನ ಕಾಡನ್ನೇ ಪರಲೋಕವಾಗಿ ತೋರಿಸುತ್ತೇನೆಂದು ಹೇಳಿದಾಗ ನನ್ನ ಛಾಯಾಗ್ರಾಹಕರೂ ಒಪ್ಪಲಿಲ್ಲ. ಒಂದೆರಡು ಫೋಟೋಗಳಿಗೆ ಅದು ಚೆಂದ, ಸಿನಿಮಾಕ್ಕೆ ಒಗ್ಗುವುದಿಲ್ಲ ಎಂಬುದು ಎಲ್ಲರ ಅಭಿಪ್ರಾಯವಾಗಿತ್ತು. ಹಣ ಹಾಕುವುದಾಗಿ ಮಾತು ಕೊಟ್ಟಿದ್ದವರೊಬ್ಬರು ಅಲ್ಲಿಗೇ ಹಿಂದೆ ಸರಿದರು.

ಮೊದಲ ಕ್ಯಾಮೆರಾವನ್ನು ಬಿಚ್ಚುವಾಗಲೇ ಸೆನ್ಸರಿನ ರಿಬ್ಬನ್ ಕೇಬಲ್ ಹರಿದು ಹದಿನಾಲ್ಕು ಸಾವಿರ ಹೋಯಿತು. ಎರಡನೆಯದಕ್ಕೆ ಕೂರಿಸಿದ ಗಾಜಿನ ದಪ್ಪ ಮೂಲ ಗಾಜಿಗೆ ಹೊಂದದೆ, ದೂರದ ಯಾವ ವಸ್ತುವೂ ಫೋಕಸಿಗೆ ಬರಲಿಲ್ಲ. ಮೂರನೆಯದು ಸರಿಹೋಯಿತು. ಕೆಟ್ಟವೆರಡೂ ಸೇರಿ ಕ್ಯಾಮೆರಾಗಳಿಗೆ ಆದ ಖರ್ಚು ನಲವತ್ತೈದು ಸಾವಿರದೊಳಗೇ ಇತ್ತು.

ನಿಜವಾದ ಕಷ್ಟ ಶುರುವಾದದ್ದು ಲೆನ್ಸ್‌ಗಳಿಂದ. ಸಾಮಾನ್ಯ ಬೆಳಕಿನಲ್ಲಿ ಎಷ್ಟೇ ಒಳ್ಳೆಯ ಲೆನ್ಸ್ ಆಗಿದ್ದರೂ ಇನ್‌ಫ್ರಾರೆಡ್‌ನಲ್ಲಿ ಚೌಕಟ್ಟಿನ ನಡುವೆ ಬಿಳಿಯ ಕಲೆಯೊಂದು ಮೂಡಬಹುದು, ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಕಿರಿದು ಮಾಡಿದಷ್ಟೂ ಅದು ಎದ್ದು ಕಾಣುತ್ತದೆ. ಹಾಗಾಗಿ ಅಪರ್ಚರ್ 5.6ರಲ್ಲೇ ಇರಬೇಕು, ಆದರೆ ನಡುಮಧ್ಯಾಹ್ನದ ಬಿಸಿಲನ್ನು ತಗ್ಗಿಸಲು ಎನ್‌ಡಿ ಫಿಲ್ಟರ್ (ಲೆನ್ಸ್ ಮುಂದಿಡುವ ಮಬ್ಬು ಗಾಜು) ಹಾಕಿದರೆ, ನಮ್ಮಲ್ಲಿದ್ದ ಅಗ್ಗದ ಎನ್‌ಡಿಗಳೆಲ್ಲ ಇನ್‌ಫ್ರಾರೆಡ್ ಬೆಳಕನ್ನು ಹಾಗೆಯೇ ಒಳಗೆ ಬಿಡುತ್ತಿದ್ದವು. ಕೊನೆಗೆ ಒಳಬರುವ ಬೆಳಕನ್ನು ತಗ್ಗಿಸಲು ಶಟರ್ ವೇಗವನ್ನು ಸೆಕೆಂಡಿನ 400ನೇ ಒಂದು ಭಾಗದ ಆಚೀಚೆ ಇಟ್ಟೆ. ಅದರಿಂದ ಚಲನೆ ಕತ್ತರಿಸಿದಂತೆ ತುಂಡುತುಂಡಾಗಿ ಬಂತು. ನಟರನ್ನು ಅರ್ಧ ವೇಗದಲ್ಲಿ ನಡೆಸಿದಾಗ ಆ ತುಂಡುತನವೇ ಸತ್ತವರ ನಡಿಗೆಯಾಯಿತು, ಮತ್ತು ಚಿತ್ರ ನೋಡಿದವರೆಲ್ಲ ಮೊದಲು ಕೇಳುವುದು ಆ ನಡಿಗೆಯ ಬಗ್ಗೆಯೇ. ಒಂಬತ್ತು ಹಳೆಯ ಲೆನ್ಸ್‌ಗಳನ್ನು ಪರೀಕ್ಷಿಸಿದ ಮೇಲೆ ಕಲೆಯೇ ಬೀಳದ ಲೆನ್ಸ್ ಒಂದು ಸಿಕ್ಕಿತು. ಮುಂದಿನ ಚಿತ್ರ ಮುಗಿಯುವವರೆಗೆ ಅದರ ಹೆಸರನ್ನು ಹೇಳಲಾರೆ.

ರಾತ್ರಿಯ ದೃಶ್ಯಗಳ ಮೊದಲ ದಿನ ಪೂರ್ತಿ ವ್ಯರ್ಥವಾಯಿತು. ಎಲ್‌ಇಡಿ ದೀಪಗಳಲ್ಲಿ ಇನ್‌ಫ್ರಾರೆಡ್ ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ, ಕಣ್ಣಿಗೆ ಹಗಲಿನಂತಿದ್ದ ಅಂಗಳ ಮಾನಿಟರಿನಲ್ಲಿ ಕಗ್ಗತ್ತಲಾಗಿತ್ತು. ಮದುವೆ ವಿಡಿಯೋದವರು ಮೂಲೆಗೆ ಎಸೆದಿದ್ದ ಸಾವಿರ ವ್ಯಾಟ್‌ನ ಹ್ಯಾಲೋಜನ್‌ಗಳನ್ನು ದಿನಕ್ಕೆ ನೂರೈವತ್ತರಂತೆ ಬಾಡಿಗೆಗೆ ತಂದೆ. ಯಮದೂತರಿಗೆ ಹೊಲಿಸಿದ್ದ ಕಪ್ಪು ಪಾಲಿಯೆಸ್ಟರ್ ನಿಲುವಂಗಿಗಳು ಬೂದಿಬಿಳಿಯಾಗಿ ಬಂದುದರಿಂದ ಆರು ಸಾವಿರ ನೀರಿಗೆ ಹೋಯಿತು. ಅಂದಿನಿಂದ ಬಟ್ಟೆಯಂಗಡಿಗೆ ಕ್ಯಾಮೆರಾ ಇಲ್ಲದೆ ಹೋಗಿಲ್ಲ. ಮೇಕಪ್ಪಿಗೆ ಮಾತ್ರ ಒಂದು ರೂಪಾಯಿಯೂ ತಗುಲಲಿಲ್ಲ, ಏಕೆಂದರೆ ಈ ಬೆಳಕಿನಲ್ಲಿ ಚರ್ಮ ಮೇಣದಂತೆ ನುಣುಪಾಗಿ, ನರಗಳು ಒಳಗಿನಿಂದ ಮಸುಕಾಗಿ, ಕಣ್ಣುಗಳು ಆಳದ ಕಪ್ಪಾಗಿ ತಾವಾಗಿಯೇ ಬರುತ್ತವೆ.

ಮಳೆ ಮುಗಿದು ಎಲೆಗಳು ದಟ್ಟವಾಗಿದ್ದ ಕಾಲವನ್ನೇ ಆರಿಸಿಕೊಂಡಿದ್ದೆ. ಆದರೂ ಮೋಡ ಕವಿದು ನಾಲ್ಕು ದಿನ ಸುಮ್ಮನೆ ಕೂರಬೇಕಾಯಿತು, ತಂಡದ ಊಟ ವಸತಿಗೇ ದಿನಕ್ಕೆ ಹನ್ನೊಂದು ಸಾವಿರದಷ್ಟು ಕೈಬಿಟ್ಟಿತು. ಐದನೆಯ ದಿನ ಬಿಸಿಲು ಬಂತು. ಉಳಿದವರು ಬೆಳಕು ಕಟುವಾಯಿತೆಂದು ಕ್ಯಾಮೆರಾ ಮುಚ್ಚುವ ಹನ್ನೆರಡು ಗಂಟೆಗೆ ನಾವು ತುಂಗೆಯ ದಡದಲ್ಲಿ ಚಿತ್ರೀಕರಣ ಆರಂಭಿಸಿದೆವು. ದಡದ ಮರಗಳೆಲ್ಲ ಹಿಮ ಹೊತ್ತಂತೆ ಬೆಳ್ಳಗೆ, ಆಕಾಶ ಕಪ್ಪಗೆ, ನದಿ ಡಾಂಬರಿನಂತೆ ಕಪ್ಪಗೆ ಕಂಡಿತು. ಗರುಡ ಪುರಾಣದ ವೈತರಣಿಯನ್ನು ಯಾವ ಕಂಪ್ಯೂಟರಿನ ಸಹಾಯವೂ ಇಲ್ಲದೆ ನಾನು ಆ ಮಾನಿಟರಿನಲ್ಲಿ ಕಂಡೆ. ಛಾಯಾಗ್ರಾಹಕರು ಏನೂ ಮಾತಾಡದೆ ಇನ್ನೊಂದು ಟೇಕ್ ಕೇಳಿದರು.

ಬಿಡುವಿನಲ್ಲಿ ನಡೆಸಿದ ಒಂದು ಪ್ರಯೋಗ ಚಿತ್ರಕಥೆಯನ್ನೇ ಬದಲಿಸಿತು. ಮನೆಯ ಹಸಿರು ಬಾಗಿಲು ಮತ್ತು ಅಂಗಳದ ತುಳಸಿಯನ್ನು ಒಂದೇ ಚೌಕಟ್ಟಿನಲ್ಲಿಟ್ಟು ನೋಡಿದೆ. ಬಾಗಿಲು ಕಪ್ಪಾಯಿತು, ತುಳಸಿ ಬೆಳ್ಳಗೆ ಬೆಳಗಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಹಸಿರು ಬಳಿದು ಮರೆಮಾಡಿದ ನೆಲೆಗಳನ್ನು ಆಕಾಶದಿಂದ ಪತ್ತೆಹಚ್ಚಲು ಇನ್‌ಫ್ರಾರೆಡ್ ಫಿಲ್ಮ್ ಬಳಸಿದ್ದು ಇದೇ ಗುಣವನ್ನು ನಂಬಿ. ಹೀಗಾಗಿ ಸತ್ತ ಲೈನ್‌ಮ್ಯಾನ್ ಕತ್ತಲಾದ ತನ್ನ ಮನೆಯನ್ನು ಗುರುತಿಸಲಾರದೆ, ಹೆಂಡತಿ ನೀರೆರೆಯುವ ಆ ಒಂದು ಗಿಡದ ಬೆಳಕು ಹಿಡಿದು ಬರುವ ದೃಶ್ಯವನ್ನು ಆ ರಾತ್ರಿಯೇ ಬರೆದೆ. ಯಮನ ಧ್ವನಿಯನ್ನು ಒಣಗಿದ ಬಾವಿಯೊಳಗೆ ದಾಖಲಿಸಿದ ಪ್ರಯೋಗ ಮಾತ್ರ ಫಲಿಸಲಿಲ್ಲ. ಪ್ರತಿಧ್ವನಿ ಚೆನ್ನಾಗಿತ್ತು, ಮಾತು ಒಂದೂ ತಿಳಿಯಲಿಲ್ಲ.

ಪರಲೋಕದ 22 ನಿಮಿಷಕ್ಕೆ ಎಲ್ಲ ನಷ್ಟವೂ ಸೇರಿ ಎರಡೂಮುಕ್ಕಾಲು ಲಕ್ಷ ಆಗಿರಬೇಕು. ಹಿಂದೆ ಸರಿದಿದ್ದವರು ಚಿತ್ರ ನೋಡಿ, ಯಾವ ಸ್ಟುಡಿಯೋದಲ್ಲಿ ಗ್ರಾಫಿಕ್ಸ್ ಮಾಡಿಸಿದಿರಿ ಎಂದು ಕೇಳಿದರು. ಮರುವಾರ ಅವರನ್ನು ತುಂಗೆಯ ದಡಕ್ಕೆ ಕರೆದೊಯ್ದು, ಅದೇ ಹನ್ನೆರಡು ಗಂಟೆಯ ಬಿಸಿಲಿನಲ್ಲಿ, ಅದೇ ಕ್ಯಾಮೆರಾವನ್ನು ಅವರ ಕೈಗೆ ಕೊಟ್ಟೆ.