ಮೈಸೂರಿನ ಚಳಿಗೆ ಎಷ್ಟು ಉಲ್ಲನ್ ಬೇಕು? ಹೆಣಿಗೆ ಕಲಿಯುವವರಿಗೊಂದು ಕೈಪಿಡಿ

ಹೆಣಿಗೆಯನ್ನು ಹವ್ಯಾಸವಾಗಿ ಹಿಡಿದವರಲ್ಲಿ ಅನೇಕರು ಅದನ್ನು ಅರ್ಧಕ್ಕೇ ಬಿಡುತ್ತಾರೆ. ಏಕೆಂದು ಕೇಳಿದರೆ ಕೈ ಕೂಡಿ ಬರಲಿಲ್ಲ, ತಾಳ್ಮೆ ಸಾಲಲಿಲ್ಲ ಎನ್ನುತ್ತಾರೆ. ಅವರ ಬೀರುವಿನ ಮೂಲೆಯಲ್ಲಿ ಉಳಿದಿರುವ ಚೀಲವನ್ನು ಬಿಚ್ಚಿ ನೋಡಿದರೆ ಮಾತ್ರ ಬೇರೆಯೇ ಕಾರಣ ಕಾಣುತ್ತದೆ: ಮೊದಲ ಕೆಲಸಕ್ಕೇ ಯಜಮಾನರ ಅಳತೆಯ ಪೂರ್ಣ ತೋಳಿನ ಸ್ವೆಟರ್, ಸಂಜೆಯ ದೀಪದಲ್ಲಿ ಕುಣಿಕೆಯೇ ಕಾಣಿಸದ ಕಪ್ಪು ದಾರ, ಅಳೆದು ನೋಡದೆ ಕಡ್ಡಿಗೆ ಏರಿಸಿದ ಮೊದಲ ಸಾಲು. ಸೀದಾ ಮತ್ತು ಉಲ್ಟಾ ಎಂಬ ಎರಡೇ ಹೆಣಿಗೆಗಳನ್ನು ಕಲಿಯುವುದು ಯಾರಿಗೂ ಕಷ್ಟವಲ್ಲ. ಕಡ್ಡಿ ಹಿಡಿಯುವುದಕ್ಕೆ ಮುಂಚೆ ಏನನ್ನು ಹೆಣೆಯಬೇಕು, ಯಾವ ದಾರದಲ್ಲಿ, ಯಾವ ಅಳತೆಗೆ ಎಂದು ಮಾಡಿಕೊಳ್ಳುವ ತೀರ್ಮಾನಗಳಲ್ಲಿಯೇ ಈ ಹವ್ಯಾಸದ ಸುಖವೂ ಬೇಸರವೂ ಬಹುಪಾಲು ಅಡಗಿರುತ್ತವೆ.

ಏನನ್ನು ಹೆಣೆಯಬೇಕು

ಮೈಸೂರಿನಲ್ಲಿ ಡಿಸೆಂಬರ್ ಮತ್ತು ಜನವರಿಯ ಬೆಳಗಿನ ಜಾವ ಉಷ್ಣತೆ 15-16 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, ಒಂಬತ್ತು ಗಂಟೆಯ ಬಿಸಿಲು ಬಂದರೆ ಚಳಿ ಮುಗಿದಂತೆಯೇ. ಕುಕ್ಕರಹಳ್ಳಿ ಕೆರೆಯ ದಂಡೆಯಲ್ಲಿ ಮಂಕಿ ಕ್ಯಾಪ್ ಮತ್ತು ಮಫ್ಲರ್ ಹಾಕಿಕೊಂಡು ನಡೆಯಲು ಬರುವ ಹಿರಿಯರೇ ಹಿಂದಿರುಗುವಾಗ ಅವನ್ನು ಕೈಯಲ್ಲಿ ಹಿಡಿದುಕೊಂಡಿರುತ್ತಾರೆ. ಹೀಗಿರುವಾಗ ದಪ್ಪ ದಾರದ ತುಂಬು ತೋಳಿನ ಸ್ವೆಟರನ್ನು ತಿಂಗಳುಗಟ್ಟಲೆ ಕುಳಿತು ಹೆಣೆದರೂ ತೊಡುವುದು ವರ್ಷದಲ್ಲಿ ಕೆಲವೇ ದಿನ. ಉಳಿದ ಕಾಲವೆಲ್ಲ ಅದು ಬೀರುವಿನಲ್ಲಿ ಇರುತ್ತದೆ. ನಮ್ಮ ಹವೆಗೆ ಸಲ್ಲುವುದು ಕೂಸಿನ ಕುಲಾವಿ, ಕಾಲುಚೀಲ, ತೋಳಿಲ್ಲದ ಸ್ವೆಟರ್, ಮಫ್ಲರ್ ಮತ್ತು ಹತ್ತಿ ದಾರದಲ್ಲಿ ಹೆಣೆದ ತೆಳ್ಳನೆಯ ಶಾಲು. ಇವು ಬೇಗ ಮುಗಿಯುತ್ತವೆ ಮತ್ತು ದಿನವೂ ಬಳಕೆಯಾಗುತ್ತವೆ.

ಹೆಣಿಗೆಯಿಂದ ಹಣ ಉಳಿಯುತ್ತದೆ ಎಂಬ ನಂಬಿಕೆಯನ್ನು ಮಾತ್ರ ಮೊದಲೇ ಬಿಡುವುದು ಒಳ್ಳೆಯದು. ಚಳಿಗಾಲ ಬಂದೊಡನೆ ಟಿಬೆಟಿಯನ್ ವ್ಯಾಪಾರಿಗಳು ರಸ್ತೆ ಬದಿಯಲ್ಲಿ ಹರಡುವ ಸ್ವೆಟರ್‌ಗಳು ಹೆಚ್ಚಾಗಿ ಲೂಧಿಯಾನದ ಯಂತ್ರಗಳಲ್ಲಿ ತಯಾರಾದವು, ಅವುಗಳ ಬೆಲೆಯೊಡನೆ ಕೈಹೆಣಿಗೆ ಸ್ಪರ್ಧಿಸಲಾರದು. ದೊಡ್ಡವರ ಒಂದು ಸ್ವೆಟರ್‌ಗೆ ಸುಮಾರು 400ರಿಂದ 600 ಗ್ರಾಂ ದಾರ ಬೇಕು. ಒಳ್ಳೆಯ ದಾರವಾದರೆ ಅದರ ಬೆಲೆಯೇ ಎಷ್ಟೋ ವೇಳೆ ಅಂಗಡಿಯ ಸ್ವೆಟರನ್ನು ಮೀರಿಸುತ್ತದೆ, ಕೂಲಿಯ ಮಾತು ಹಾಗಿರಲಿ. ಇಲ್ಲಿಯದೇ ಉಣ್ಣೆ ಸಿಗಬಾರದೇ ಎಂದು ಕೇಳುವವರೂ ಉಂಟು. ಮಂಡ್ಯ ಸೀಮೆಯ ಬಂಡೂರು ಕುರಿಯ ಹೆಸರು ದೊಡ್ಡದೇ ಆದರೂ ಅದು ಮಾಂಸಕ್ಕೆ ಬಂದ ಹೆಸರು. ಅದರ ಮೈಮೇಲಿನದು ಒರಟು ಕೂದಲು, ಮಗುವಿನ ಕೆನ್ನೆಗೆ ತಾಗಿಸುವಂಥದ್ದಲ್ಲ.

ದಾರ ಮತ್ತು ಕಡ್ಡಿ

ನಮ್ಮ ಅಂಗಡಿಗಳಲ್ಲಿ ಉಲ್ಲನ್ ಎಂದು ಕೇಳಿದರೆ ಕೊಡುವುದು ಬಹುಪಾಲು ಅಕ್ರಿಲಿಕ್ ಎಂಬ ಕೃತಕ ದಾರ. ಅದನ್ನು ಕೀಳಾಗಿ ಕಾಣಬೇಕಾಗಿಲ್ಲ. ಹುಳು ತಿನ್ನುವುದಿಲ್ಲ, ಒಗೆದರೆ ಕುಗ್ಗುವುದಿಲ್ಲ, ಬೆಲೆಯೂ ಕೈಗೆಟುಕುತ್ತದೆ, ಕಲಿಯುವವರು ಬಿಚ್ಚಿ ಮತ್ತೆ ಹೆಣೆದರೂ ತಾಳಿಕೊಳ್ಳುತ್ತದೆ. ಆದರೆ ಬೆವರು ಹೀರುವುದಿಲ್ಲವಾದ್ದರಿಂದ ಫೆಬ್ರವರಿಯ ನಂತರ ಮೈಗೆ ತಾಗುವ ಉಡುಪಿಗೆ ಹತ್ತಿ ದಾರವೇ ಲೇಸು. ಹತ್ತಿಗೆ ಎಳೆದರೆ ಹಿಂದಿರುಗುವ ಗುಣ ಕಡಿಮೆ. ಆದ್ದರಿಂದ ಅಂಚು ಜೋತುಬೀಳುತ್ತದೆ, ಕೈಯ ಬಿಗಿ ಹೆಚ್ಚುಕಡಿಮೆಯಾದರೆ ಅದು ಹಾಗೆಯೇ ಎದ್ದು ಕಾಣುತ್ತದೆ. ಆ ಕಾರಣಕ್ಕೆ ಮೊದಲ ಕೆಲಸಕ್ಕೆ ಅಕ್ರಿಲಿಕ್, ಕೈ ಪಳಗಿದ ಮೇಲೆ ಹತ್ತಿ ಎಂಬ ಕ್ರಮವನ್ನು ನಾನು ಹೇಳುತ್ತೇನೆ.

ತಿಳಿ ಬಣ್ಣದ, ನಯವಾದ, ಮಧ್ಯಮ ದಪ್ಪದ ದಾರವನ್ನು ಆರಿಸಿಕೊಳ್ಳಬೇಕು. ಮಿನುಗುವ ಎಳೆ ಸೇರಿದ ದಾರವೂ ತುಪ್ಪಳದಂಥ ದಾರವೂ ನೋಡಲು ಚೆನ್ನ, ಬಿಚ್ಚಲು ನರಕ. ಉಂಡೆಯ ಮೇಲಿನ ಕಾಗದದ ಪಟ್ಟಿಯನ್ನು ಹರಿದು ಎಸೆಯಬಾರದು. ಯಾವ ನಂಬರಿನ ಕಡ್ಡಿ, ಹೇಗೆ ಒಗೆಯಬೇಕು, ಯಾವ ಲಾಟಿನದು, ಅಂದರೆ ಒಂದೇ ಸಲಕ್ಕೆ ಬಣ್ಣ ಹಾಕಿದ ಯಾವ ಕಂತಿನ ದಾರ ಎಂಬ ವಿವರಗಳು ಅದರಲ್ಲಿರುತ್ತವೆ. ಒಂದೇ ಬಣ್ಣದ ಎರಡು ಲಾಟ್‌ಗಳಿಗೆ ಅಂಗಡಿಯ ದೀಪದಲ್ಲಿ ವ್ಯತ್ಯಾಸ ಕಾಣುವುದಿಲ್ಲ, ಹೆಣೆದು ಬಿಸಿಲಿಗೆ ಹಿಡಿದಾಗ ಅಡ್ಡಗೆರೆ ಬಿದ್ದಂತೆ ಕಾಣುತ್ತದೆ. ಹಾಗಾಗಿ ಬೇಕಾದ ಉಂಡೆಗಳನ್ನೆಲ್ಲ ಒಂದೇ ಸಲಕ್ಕೆ, ಒಂದೇ ಲಾಟ್ ನಂಬರಿನಲ್ಲಿ, ಒಂದು ಉಂಡೆ ಹೆಚ್ಚಾಗಿಯೇ ಕೊಳ್ಳಬೇಕು.

ಕಡ್ಡಿಯ ನಂಬರಿನ ಬಗ್ಗೆ ಎಚ್ಚರಿಕೆ ಬೇಕು. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಹಳೆಯ ಬ್ರಿಟಿಷ್ ಲೆಕ್ಕ. ಅದರಲ್ಲಿ ನಂಬರು ಹೆಚ್ಚಿದಂತೆ ಕಡ್ಡಿ ತೆಳುವಾಗುತ್ತದೆ. 8ನೇ ನಂಬರ್ 4 ಮಿ.ಮೀ., 10ನೇ ನಂಬರ್ 3.25 ಮಿ.ಮೀ. ಅಮೆರಿಕದ ಲೆಕ್ಕ ಇದಕ್ಕೆ ತಿರುಗುಮುರುಗು, ಅಲ್ಲಿ 8 ಎಂದರೆ 5 ಮಿ.ಮೀ. ಯೂಟ್ಯೂಬ್ ನೋಡಿ ಕಲಿಯುವವರು ಈ ಒಂದು ವ್ಯತ್ಯಾಸ ತಿಳಿಯದೆ ಕೂಸಿನ ಟೋಪಿಯನ್ನು ದೊಡ್ಡ ಹುಡುಗನ ಅಳತೆಗೆ ಮಾಡಿ ಮುಗಿಸುವುದುಂಟು. ನಂಬರನ್ನು ಬಿಟ್ಟು ಮಿಲಿಮೀಟರನ್ನೇ ನಂಬಿದರೆ ತೊಂದರೆಯಿಲ್ಲ. ಮೊದಲಿಗೆ 4 ಮಿ.ಮೀ. ಕಡ್ಡಿಯ ಒಂದು ಜೋಡಿ, ತುದಿಯಲ್ಲಿ ಕೊಕ್ಕೆಯಿರುವ ಒಂದು ಕ್ರೋಶಾ ಕಡ್ಡಿ, ಮೊಂಡು ತುದಿಯ ದಪ್ಪ ಸೂಜಿ, ಕತ್ತರಿ ಮತ್ತು ಟೇಪು ಇದ್ದರೆ ಸಾಕು.

ಮೊದಲ ಸಾಲುಗಳು

ಸೀದಾ ಹೆಣಿಗೆಯಲ್ಲಿ ನಡೆಯುವುದು ಇಷ್ಟೇ: ಬಲಗಡ್ಡಿಯ ತುದಿಯನ್ನು ಎಡಗಡ್ಡಿಯ ಮೊದಲ ಕುಣಿಕೆಯೊಳಗೆ ಮುಂದಿನಿಂದ ಹಿಂದಕ್ಕೆ ತೂರಿಸುವುದು, ಹಿಂದೆ ಇರುವ ದಾರವನ್ನು ಆ ತುದಿಗೆ ಒಂದು ಸುತ್ತು ಹಾಕುವುದು, ಸುತ್ತನ್ನು ಕುಣಿಕೆಯ ಮೂಲಕ ಮುಂದಕ್ಕೆ ಎಳೆದುಕೊಳ್ಳುವುದು, ಹಳೆಯ ಕುಣಿಕೆಯನ್ನು ಎಡಗಡ್ಡಿಯಿಂದ ಜಾರಿಸಿಬಿಡುವುದು. ದಾರವನ್ನು ಮುಂದಕ್ಕೆ ತಂದುಕೊಂಡು, ಕಡ್ಡಿಯನ್ನು ಹಿಂದಿನಿಂದ ಮುಂದಕ್ಕೆ ತೂರಿಸಿ ಮಾಡಿದರೆ ಉಲ್ಟಾ ಹೆಣಿಗೆ. ದಾರವನ್ನು ಯಾವ ಕೈಯಲ್ಲಿ ಹಿಡಿಯಬೇಕು ಎಂಬುದಕ್ಕೆ ಕಟ್ಟಳೆಯಿಲ್ಲ. ಕ್ರೋಶಾ ಬಲ್ಲವರಿಗೆ ಎಡಗೈಯೇ ಸಲೀಸು.

ಕಲಿಯುವವರ ಕೈಯಲ್ಲಿ ಪಟ್ಟಿ ಸಾಲಿನಿಂದ ಸಾಲಿಗೆ ಅಗಲವಾಗುತ್ತಾ ಹೋಗುವುದನ್ನು ಬಹಳ ನೋಡುತ್ತೇವೆ. ಇಪ್ಪತ್ತು ಕುಣಿಕೆಯಿಂದ ಹೊರಟದ್ದು ನೋಡುನೋಡುತ್ತಲೇ ಇಪ್ಪತ್ತೇಳಾಗಿರುತ್ತದೆ. ಕಡ್ಡಿ ತಿರುಗಿಸಿಕೊಂಡಾಗ ದಾರವನ್ನು ಮೇಲಕ್ಕೆ ಎಳೆದು ಕಡ್ಡಿಯ ಮೇಲಿಂದ ಹಿಂದಕ್ಕೆ ಹಾಕಿಬಿಟ್ಟರೆ ಮೊದಲ ಕುಣಿಕೆಯ ಎರಡು ಕಾಲುಗಳು ಕಡ್ಡಿಯ ಮೇಲೆ ಎರಡು ಕುಣಿಕೆಗಳಂತೆ ಎದ್ದು ನಿಲ್ಲುತ್ತವೆ, ಎರಡನ್ನೂ ಹೆಣೆದರೆ ಒಂದು ಹೆಚ್ಚಾಯಿತು. ಸಾಲು ಶುರು ಮಾಡುವಾಗ ದಾರ ಕಡ್ಡಿಯ ಕೆಳಗೇ ಇರುವಂತೆ ನೋಡಿಕೊಂಡು, ಮುಗಿದೊಡನೆ ಒಮ್ಮೆ ಎಣಿಸಿದರೆ ಈ ಕಾಟ ಎರಡೇ ದಿನದಲ್ಲಿ ತಪ್ಪುತ್ತದೆ.

ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದರೆ ಅಂಗಡಿಯ ಸ್ವೆಟರಿನಂಥ ನುಣುಪಾದ ಮುಖ ಬರುತ್ತದೆ ಎಂದು ಎಲ್ಲರೂ ಅದಕ್ಕೇ ಆಸೆಪಡುತ್ತಾರೆ. ಆ ಹೆಣಿಗೆಯ ಅಂಚು ಒಳಕ್ಕೆ ಸುರುಳಿ ಸುತ್ತಿಕೊಳ್ಳುವುದು ಅದರ ಸ್ವಭಾವ. ಬರೀ ಅದರಲ್ಲೇ ಮಫ್ಲರ್ ಹೆಣೆದರೆ ಕೊನೆಗೆ ಕೈಗೆ ಬರುವುದು ಉದ್ದನೆಯ ಕೊಳವೆ, ಎಳೆದು ಹರಡಿದರೂ ಅದು ಮತ್ತೆ ಸುತ್ತಿಕೊಳ್ಳುತ್ತದೆ. ಮೊದಲ ಮಫ್ಲರಿಗೆ ಎಲ್ಲ ಸಾಲುಗಳನ್ನೂ ಸೀದಾ ಹೆಣೆಯಿರಿ. ಎರಡು ಮುಖವೂ ಒಂದೇ ಬಗೆಯಾಗಿ ಚಪ್ಪಟೆಯಾಗಿ ಬೀಳುತ್ತದೆ.

ಮಾದರಿ ತುಂಡು

ಹೆಣೆಯುವವರು ಸುಲಭವಾಗಿ ಬಿಟ್ಟುಬಿಡುವ ಕೆಲಸವೂ ಬಿಟ್ಟದ್ದಕ್ಕೆ ಅತಿ ಹೆಚ್ಚು ದಂಡ ತೆರುವ ಕೆಲಸವೂ ಇದೇ. ಬಳಸಬೇಕೆಂದಿರುವ ದಾರ ಮತ್ತು ಕಡ್ಡಿಯಲ್ಲಿಯೇ ಸುಮಾರು 15 ಸೆ.ಮೀ. ಚೌಕದ ತುಂಡೊಂದನ್ನು ಹೆಣೆದು, ಒಗೆದು, ಒಣಗಿಸಿ, ಅದರ ನಡುಭಾಗದಲ್ಲಿ 10 ಸೆ.ಮೀ. ಅಗಲಕ್ಕೆ ಎಷ್ಟು ಕುಣಿಕೆಗಳು ಬಂದಿವೆ ಎಂದು ಎಣಿಸಬೇಕು. ಅಂಚಿನಲ್ಲಿ ಅಳೆಯಬಾರದು, ಅಲ್ಲಿಯ ಬಿಗಿಯೇ ಬೇರೆ.

ಇದು ಏಕೆ ಅಷ್ಟು ಮುಖ್ಯ ಎಂಬುದು ಲೆಕ್ಕ ಹಾಕಿದರೆ ತಿಳಿಯುತ್ತದೆ. 10 ಸೆ.ಮೀ.ಗೆ 22 ಕುಣಿಕೆ ಬರಬೇಕೆಂದು ಬರೆದಿರುವ ಮಾದರಿಯಲ್ಲಿ ಸ್ವೆಟರಿನ ಮುಂಭಾಗ 50 ಸೆ.ಮೀ. ಅಗಲ ಬರಲು 110 ಕುಣಿಕೆ ಹಾಕಬೇಕು. ನಿಮ್ಮ ಕೈ ಸಡಿಲವಾಗಿದ್ದು 22ರ ಬದಲು 20 ಬರುತ್ತಿದ್ದರೆ ಅದೇ 110 ಕುಣಿಕೆ 55 ಸೆ.ಮೀ. ಆಗುತ್ತದೆ, ಹಿಂಭಾಗವೂ ಅಷ್ಟೇ ಹಿಗ್ಗುತ್ತದೆ. ಎರಡೇ ಕುಣಿಕೆಯ ಅಂತರಕ್ಕೆ ಎದೆಯ ಸುತ್ತಳತೆ 10 ಸೆ.ಮೀ. ಹೆಚ್ಚಿತು. ಹೀಗಾದಾಗ ಕೈಯನ್ನು ಬಲವಂತವಾಗಿ ಬಿಗಿ ಮಾಡಿಕೊಳ್ಳಲು ಹೋಗಬಾರದು, ನಾಲ್ಕು ಸಾಲಿಗೆಲ್ಲ ಅದು ಹಳೆಯ ಹದಕ್ಕೇ ಮರಳುತ್ತದೆ. ಕಡ್ಡಿಯನ್ನು ಬದಲಿಸಬೇಕು: ಕುಣಿಕೆ ಕಡಿಮೆ ಬಂದರೆ ತೆಳು ಕಡ್ಡಿ, ಹೆಚ್ಚು ಬಂದರೆ ದಪ್ಪ ಕಡ್ಡಿ. ದಣಿದಾಗಲೋ ಸಿಟ್ಟಿನಲ್ಲೋ ಕೈ ಬಿಗಿಯಾಗುವುದೂ ಉಂಟು. ಅಂಥ ಸಂಜೆ ಅಳತೆಯ ಕೆಲಸ ಬಿಟ್ಟು ಬರೀ ಮಫ್ಲರ್ ಹೆಣೆದುಕೊಂಡಿರುವುದು ಕ್ಷೇಮ.

ಕೂಸಿಗೊಂದು ಟೋಪಿ

ಮಗು ಹುಟ್ಟುವುದಕ್ಕೆ ಮುಂಚೆ ಬಟ್ಟೆಬರೆ ಸಿದ್ಧಮಾಡಬಾರದು ಎನ್ನುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅದಕ್ಕೂ ಅಡ್ಡಿಯಿಲ್ಲ, ಹೆರಿಗೆಯ ಸುದ್ದಿ ಬಂದ ಮೇಲೆ ಕುಣಿಕೆ ಹಾಕಿದರೂ ನಾಮಕರಣದ ಹೊತ್ತಿಗೆ ಈ ಟೋಪಿ ಮುಗಿಯುತ್ತದೆ. ದಾರ 30 ಗ್ರಾಂ ಸಾಕು.

4 ಮಿ.ಮೀ. ಕಡ್ಡಿಯಲ್ಲಿ, 10 ಸೆ.ಮೀ.ಗೆ 22 ಕುಣಿಕೆ ಬರುವ ದಾರದಿಂದ 72 ಕುಣಿಕೆ ಹಾಕಿ. ಈ ಮೊದಲ ಸಾಲು ಬಿಗಿಯಾದರೆ ಹಣೆಯ ಮೇಲೆ ಗುರುತು ಮೂಡುತ್ತದೆ, ಆದ್ದರಿಂದ ಇದೊಂದನ್ನು ದಪ್ಪ ಕಡ್ಡಿಯಲ್ಲಿ ಹಾಕಿಕೊಂಡು ಆಮೇಲೆ 4 ಮಿ.ಮೀ.ಗೆ ಬದಲಿಸಬಹುದು. ಪ್ರತಿ ಸಾಲಿನಲ್ಲೂ ಎರಡು ಕುಣಿಕೆ ಸೀದಾ, ಎರಡು ಕುಣಿಕೆ ಉಲ್ಟಾ ಎಂದು ಆರು ಸಾಲು ಹೆಣೆದರೆ ಹಿಗ್ಗಿ ಕುಗ್ಗುವ ಅಂಚು ಬರುತ್ತದೆ. ಅಲ್ಲಿಂದ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಮಾಡುತ್ತಾ ಕೆಳಗಿನಿಂದ 12 ಸೆ.ಮೀ. ಎತ್ತರ ಬರುವವರೆಗೆ ಹೆಣೆದು, ಉಲ್ಟಾ ಸಾಲಿನಲ್ಲಿ ನಿಲ್ಲಿಸಿ. ಮುಂದಿನ ಸೀದಾ ಸಾಲಿನಲ್ಲಿ ಎರಡೆರಡು ಕುಣಿಕೆಗಳನ್ನು ಒಟ್ಟಿಗೆ ಹೆಣೆದರೆ 36 ಉಳಿಯುತ್ತವೆ. ಒಂದು ಉಲ್ಟಾ ಸಾಲಿನ ನಂತರ ಮತ್ತೊಮ್ಮೆ ಹಾಗೆಯೇ ಮಾಡಿದರೆ 18. ದಾರವನ್ನು ಅರ್ಧ ಮೀಟರು ಬಿಟ್ಟು ಕತ್ತರಿಸಿ, ಮೊಂಡು ಸೂಜಿಗೆ ಪೋಣಿಸಿ, ಆ 18 ಕುಣಿಕೆಗಳಲ್ಲಿ ತೂರಿಸಿ ಬಿಗಿಯಾಗಿ ಎಳೆದರೆ ನೆತ್ತಿ ಮುಚ್ಚುತ್ತದೆ. ಉಳಿದ ದಾರದಿಂದ ಪಕ್ಕವನ್ನು ಹೊಲಿಯಿರಿ. ಕೆಲಸ ಸುಮಾರು 33 ಸೆ.ಮೀ. ಸುತ್ತಳತೆಗೆ ಬರುತ್ತದೆ, ತೊಡಿಸಿದಾಗ ಹಿಗ್ಗಿಕೊಂಡು ಎಳೆಗೂಸಿನ ತಲೆಗೆ ಸರಿಹೊಂದುತ್ತದೆ.

ಚೆಂದಕ್ಕೆಂದು ಕತ್ತಿನ ಬಳಿ ಉದ್ದನೆಯ ಲಾಡಿ ಇಡಬಾರದು, ಬಾಯಿಗೆ ಸಿಗುವ ಗುಂಡಿ ಮಣಿಗಳನ್ನೂ ಹೊಲಿಯಬಾರದು. ಕಾಲುಚೀಲ ಹೆಣೆದರೆ ಅದನ್ನು ಒಳಮೈ ತಿರುಗಿಸಿ, ಸಡಿಲವಾಗಿ ನೇತಾಡುವ ಎಳೆಗಳನ್ನೆಲ್ಲ ಸೂಜಿಯಿಂದ ಒಳಗೆ ಸೇರಿಸಿ ಕತ್ತರಿಸಲೇಬೇಕು. ಅಂಥ ಎಳೆ ಕೂಸಿನ ಕಾಲ್ಬೆರಳಿಗೆ ಸುತ್ತಿಕೊಂಡರೆ ರಕ್ತಸಂಚಾರ ನಿಲ್ಲುವ ಅಪಾಯವಿದೆ, ಮಗು ಅಳುವುದಕ್ಕೆ ಕಾರಣ ಹೊರಗಿನಿಂದ ಯಾರಿಗೂ ಕಾಣುವುದಿಲ್ಲ.

ಬಿಚ್ಚುವುದು, ನೋಯುವುದು, ಬೇಡಿಕೆ ಬರುವುದು

ಜಾರಿದ ಕುಣಿಕೆ ಕೆಳಗಿನ ಸಾಲುಗಳಿಗೆ ಇಳಿಯುತ್ತಾ ಹೋದಾಗ ಹೆಣೆದದ್ದನ್ನೆಲ್ಲ ಬಿಚ್ಚಬೇಕಾಗಿಲ್ಲ. ಸೀದಾ ಮುಖವನ್ನು ಎದುರಿಗಿಟ್ಟುಕೊಂಡು ಕ್ರೋಶಾ ಕಡ್ಡಿಯನ್ನು ಜಾರಿದ ಕುಣಿಕೆಯೊಳಗೆ ಹಾಕಿ, ಅದರ ಮೇಲೆ ಅಡ್ಡಡ್ಡಲಾಗಿ ನಿಂತ ಎಳೆಗಳಲ್ಲಿ ಅತಿ ಕೆಳಗಿನದನ್ನು ಕೊಕ್ಕೆಯಿಂದ ಹಿಡಿದು ಕುಣಿಕೆಯ ಮೂಲಕ ಎಳೆದುಕೊಳ್ಳಿ. ಹೀಗೆ ಒಂದೊಂದೇ ಎಳೆಯನ್ನು ಹತ್ತಿಸಿಕೊಂಡು ಬಂದು ಕೊನೆಗೆ ಕಡ್ಡಿಗೆ ಏರಿಸಿದರೆ ಜಾರಿದ ಗುರುತೂ ಉಳಿಯುವುದಿಲ್ಲ. ವಿನ್ಯಾಸದ ಕೆಲಸವಾದರೆ ಸರಿಯಿದೆ ಎಂದು ಖಚಿತವಾದ ಸಾಲೊಂದರ ಎಲ್ಲ ಕುಣಿಕೆಗಳಲ್ಲಿ ಬೇರೆ ಬಣ್ಣದ ತೆಳುದಾರವನ್ನು ಪೋಣಿಸಿಟ್ಟಿರಿ. ಮುಂದೆ ತಪ್ಪಿದರೆ ಬಿಚ್ಚುವುದು ಅಲ್ಲಿಯವರೆಗೆ ಮಾತ್ರ.

ಮಣಿಕಟ್ಟು, ಹೆಬ್ಬೆರಳಿನ ಬುಡ ಮತ್ತು ಕುತ್ತಿಗೆ ನೋಯುವುದು ಈ ಹವ್ಯಾಸದ ನಿಜವಾದ ಕಷ್ಟ. ಅರ್ಧ ಗಂಟೆಗೊಮ್ಮೆ ಎದ್ದು ಕೈ ಚಾಚಬೇಕು. ಬೆರಳು ಜೋಮು ಹಿಡಿಯುವುದು ದಿನವೂ ಆದರೆ ಕಡ್ಡಿ ಕೆಳಗಿಟ್ಟು ವೈದ್ಯರನ್ನು ಕಾಣಬೇಕು. ಬೆಂಗಳೂರಿನ ರೈಲಿನಲ್ಲಿ ಹೆಣೆಯುವ ಅಭ್ಯಾಸವಿದ್ದವರಿಗೆ ತಂತಿಯಿಂದ ಕೂಡಿಸಿದ ಕಡ್ಡಿ ಅನುಕೂಲ, ಏಕೆಂದರೆ ಪಕ್ಕದವರ ಪಕ್ಕೆಗೆ ಅದರ ತುದಿ ತಿವಿಯುವುದಿಲ್ಲ ಮತ್ತು ಸ್ವೆಟರಿನ ಭಾರ ಮಣಿಕಟ್ಟನ್ನು ಬಿಟ್ಟು ತೊಡೆಯ ಮೇಲೆ ಬೀಳುತ್ತದೆ.

ಒಂದು ಟೋಪಿ ನಾಲ್ಕು ಜನರ ಕಣ್ಣಿಗೆ ಬಿತ್ತೆಂದರೆ, “ಅಕ್ಕಾ, ನಮ್ಮ ಮೊಮ್ಮಗೂಗೂ ಒಂದು ಹಾಕ್ಕೊಡಿ, ದಾರದ ದುಡ್ಡು ಕೊಡ್ತೀನಿ” ಎಂಬ ಮಾತು ಬಂದೇ ಬರುತ್ತದೆ. ಪ್ರೀತಿಯಿಂದ ಒಪ್ಪಿಕೊಳ್ಳುವುದಾದರೆ ದಿನ ಗೊತ್ತುಮಾಡದೆ ಒಪ್ಪಿಕೊಳ್ಳಿ, ದುಡ್ಡಿಗಾದರೆ ದಾರದ ಬೆಲೆಯ ಜೊತೆಗೆ ಕೂಲಿಯನ್ನೂ ಬಾಯಿಬಿಟ್ಟು ಹೇಳಿ. ಎರಡರ ನಡುವಿನ ಮುಲಾಜಿನಲ್ಲಿ ಒಪ್ಪಿಕೊಂಡ ಕೆಲಸಗಳೇ ಚೀಲದಲ್ಲಿ ಉಳಿದುಹೋಗುವುದು. ಕೊಡುವಾಗ ಉಂಡೆಯ ಕಾಗದದ ಪಟ್ಟಿಯನ್ನೂ ಜೊತೆಗೆ ಕೊಟ್ಟು, ತಣ್ಣೀರಿನಲ್ಲಿ ಹಿಂಡದೆ ಅದುಮಿ ಒಗೆಯಬೇಕು, ತಂತಿಗೆ ನೇತುಹಾಕದೆ ಚಾಪೆಯ ಮೇಲೆ ಹರಡಿ ನೆರಳಲ್ಲಿ ಒಣಗಿಸಬೇಕು, ಅಕ್ರಿಲಿಕ್ಕಿಗೆ ಬಿಸಿ ಇಸ್ತ್ರಿ ಮುಟ್ಟಿಸಬಾರದು ಎಂದು ತಿಳಿಸಿಬಿಡಿ. ಒಮ್ಮೆ ಕಾವು ತಗುಲಿ ಸೊರಗಿದ ಅಕ್ರಿಲಿಕ್ ಮತ್ತೆ ಮೊದಲಿನ ಹದಕ್ಕೆ ಬರುವುದಿಲ್ಲ.